ನಾಯಿಮರಿ ಮೈಮೇಲೇ ಬರುತ್ತೆ, ದೂರ ನಿಲ್ಲೋದನ್ನ ಹೇಗೆ ಕಲಿಸೋದು?

ಪ್ರಶ್ನೆ: ನಾವಿರೋದು ದಾವಣಗೆರೆಯ ವಿದ್ಯಾನಗರದಲ್ಲಿ. ಮನೇಲಿ ನಾಲ್ಕು ತಿಂಗಳ ನಾಯಿಮರಿ ಇದೆ. ‘ಕೂತ್ಕೋ’ ಕಲಿಸೋಣ ಅಂತ ಕೈಯಲ್ಲಿ ತಿಂಡಿ ಹಿಡಿದರೆ ಸಾಕು, ಮೈಮೇಲೆ ಹಾರುತ್ತೆ, ಬೆರಳು ಕಚ್ಚುತ್ತೆ, ಅಮ್ಮನ ಸೀರೆ ನೆರಿಗೆ ಹಿಡಿದು ಎಳೆಯುತ್ತೆ. ಗದರಿಸಿದರೆ ಇನ್ನೂ ಜೋರು. ಏನು ಮಾಡೋದು?

ಉತ್ತರ: ಮೊದಲು ನಿಮ್ಮ ಕೈ ಗಮನಿಸಿ. ತಿಂಡಿಯನ್ನ ಎಲ್ಲಿ ಕೊಡ್ತಿದ್ದೀರಿ? ಹೊಟ್ಟೆಯ ಹತ್ತಿರ ಹಿಡಿದು, ಮರಿ ಹಾರಿ ಬಂದಾಗ ಬಾಯಿಗೆ ಹಾಕ್ತಿದ್ದರೆ ಅಲ್ಲೇ ಎಡವಟ್ಟು. ಬಾಯಿ ‘ಕೂತ್ಕೋ’ ಅನ್ನುತ್ತೆ, ಕೈ ‘ಮೇಲೆ ಬಾ’ ಅನ್ನುತ್ತೆ. ಮರಿ ನಂಬೋದು ಕೈಯನ್ನ. ನನ್ನ ಮೊದಲ ನಾಯಿಗೆ ನಾನೂ ಹೀಗೇ ಎರಡು ತಿಂಗಳು ಹಾರೋದನ್ನ ಕಲಿಸಿ, ಆಮೇಲೆ ಅದಕ್ಕೇ ಬೈದಿದ್ದೆ.

ನಾಯಿಗೆ ಸಲಿಗೆ ಕೊಟ್ಟರೆ ಮೂತಿ ನೆಕ್ಕಿತು ಅಂತ ಹಿರಿಯರು ಹೇಳ್ತಾರೆ. ನಾಯಿಯ ಕಡೆಯಿಂದ ನೋಡಿದರೆ ಅದು ಉದ್ಧಟತನ ಅಲ್ಲ. ತೋಳದ ಮರಿಗಳು ಬೇಟೆಯಿಂದ ವಾಪಸ್ ಬಂದ ದೊಡ್ಡವುಗಳ ಬಾಯಿ ನೆಕ್ಕಿ ಆಹಾರ ಕೇಳುತ್ತವೆ, ದೊಡ್ಡವು ತಿಂದದ್ದನ್ನ ಕಕ್ಕಿ ಕೊಡುತ್ತವೆ. ನಾಯಿಮರಿಗೂ ಆ ಗುಣ ಉಳಿದಿದೆ. ಆದರೆ ಮನುಷ್ಯನ ಬಾಯಿ ಐದಡಿ ಮೇಲಿದೆ, ಹಾರದೆ ಅದು ಇನ್ನೇನು ಮಾಡಬೇಕು? ‘ಯಜಮಾನ ಯಾರು ಅಂತ ತೋರಿಸಿ’ ಅಂತ ಮೊಣಕಾಲಲ್ಲಿ ತಳ್ಳೋದು, ಕಾಲು ತುಳಿಯೋದು ಹೇಳಿಕೊಡೋರ ಮಾತು ನನಗೆ ಒಪ್ಪಿಗೆ ಇಲ್ಲ. ತಳ್ಳಿದರೆ ಎಷ್ಟೋ ಮರಿಗಳು ಅದನ್ನ ಆಟ ಅಂದ್ಕೊಳ್ಳುತ್ತವೆ. ಉಳಿದವು ನಿಮ್ಮ ಕೈ ಕಂಡರೇ ಹೆದರೋದನ್ನ ಕಲಿಯುತ್ತವೆ.

ಹಾಗಾಗಿ ತಿಂಡಿ ಸಿಗೋ ಜಾಗ ಬದಲಾಯಿಸಿ. ನಿಮ್ಮಿಂದ ಎರಡು ಹೆಜ್ಜೆ ದೂರಕ್ಕೆ ಒಂದು ಗೋಣಿಚೀಲವನ್ನೋ ಹಳೇ ಕೌದಿಯನ್ನೋ ಹಾಸಿ. ತಿಂಡಿಯ ಡಬ್ಬಿ ಮೇಜಿನ ಮೇಲಿರಲಿ, ಕೈಯಲ್ಲಿ ಬೇಡ. ಮರಿ ಗೋಣಿ ಮೇಲೆ ಕಾಲಿಟ್ಟ ಕ್ಷಣ ‘ಶಭಾಷ್’ ಅನ್ನಿ, ಚೂರನ್ನ ಗೋಣಿ ಮೇಲೇ ಹಾಕಿ. ಶಭಾಷ್ ಮೊದಲು, ಕೈ ಅಲ್ಲಾಡೋದು ಆಮೇಲೆ. ಎರಡು ಮೂರು ಸಲ ಆದಮೇಲೆ ಚೂರನ್ನ ಮರಿಯ ಹಿಂದಕ್ಕೆ ಎಸೆಯಿರಿ. ಅದು ತಿರುಗಿ, ತಿಂದು, ಮತ್ತೆ ನಿಮ್ಮ ಕಡೆ ನೋಡಿ ನಿಲ್ಲುತ್ತಲ್ಲ, ಆ ಅಂತರಕ್ಕೇ ಮತ್ತೊಂದು ಚೂರು. ಹಾರಿ ಬಂದರೆ ಮಾತಿಲ್ಲ, ಮುಟ್ಟೋದಿಲ್ಲ, ಕಣ್ಣಲ್ಲಿ ಕಣ್ಣಿಡೋದೂ ಇಲ್ಲ. ಕೈ ಕಟ್ಟಿ ಕಂಬದ ಹಾಗೆ ನಿಂತುಬಿಡಿ. ನಾಲ್ಕೂ ಕಾಲು ನೆಲಕ್ಕೆ ಬಂದ ಕೂಡಲೇ ಶಭಾಷ್. ಒಂದು ಸಲಕ್ಕೆ ಮೂರು ನಿಮಿಷ ಸಾಕು, ದಿನಕ್ಕೆ ನಾಲ್ಕೈದು ಸಲ ಮಾಡಿ. ಶುರುವಿನ ಕೆಲವು ದಿನ ಮೊದಲಿಗಿಂತ ಜಾಸ್ತಿ ಹಾರಬಹುದು. ಹಳೇ ಉಪಾಯ ಫಲಿಸದಿದ್ದಾಗ ಅದನ್ನೇ ಜೋರಾಗಿ ಮಾಡಿ ನೋಡುತ್ತೆ. ಅವತ್ತು ಸೋತು ಒಂದೇ ಒಂದು ಚೂರು ಕೊಟ್ಟಿರೋ, ‘ಜೋರಾಗಿ ಹಾರಿದರೆ ಸಿಗುತ್ತೆ’ ಅನ್ನೋದು ಅದರ ತಲೆಯಲ್ಲಿ ಗಟ್ಟಿಯಾಗುತ್ತೆ.

ಚೂರು ಅಂದರೆ ಕಡಲೆಕಾಳಿನಷ್ಟು, ಬೇಯಿಸಿದ ಮೊಟ್ಟೆ ಅಥವಾ ಉಪ್ಪು ಖಾರ ಹಾಕದ ಕೋಳಿ. ನಮ್ಮೂರಲ್ಲಿ ತಟ್ಟೆಯಲ್ಲಿ ಉಳಿದ ಬೆಣ್ಣೆದೋಸೆ ತುಂಡು, ಖಾರ ಮಂಡಕ್ಕಿ ನಾಯಿಗೆ ಹಾಕೋ ಅಭ್ಯಾಸ ಇದೆ. ಬೇಡ. ಅತಿಯಾದ ಜಿಡ್ಡು ಮೇದೋಜೀರಕ ಗ್ರಂಥಿಯ ಉರಿಯೂತ ತರಬಹುದು. ಪಲ್ಯದಲ್ಲಿ, ಮಂಡಕ್ಕಿಯಲ್ಲಿ ಬೀಳೋ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನ ಹಾಳುಮಾಡುತ್ತೆ. ಅದೂ ಅಲ್ಲದೆ, ತಿನ್ನೋ ಕೈಗೆ ಹಾರಿದಾಗ ಅಜ್ಜಿ ಒಂದು ತುಂಡು ಕೊಟ್ಟರೆ ನಿಮ್ಮ ವಾರದ ಪಾಠ ಹೊಳೆಗೆ.

ಕಚ್ಚೋದಕ್ಕೆ ಇನ್ನೊಂದು ಕಾರಣ ವಯಸ್ಸು. ನಾಲ್ಕನೇ ತಿಂಗಳ ಹೊತ್ತಿಗೆ 28 ಹಾಲುಹಲ್ಲು ಬೀಳೋಕೆ ಶುರುವಾಗಿ, ಆರೇಳು ತಿಂಗಳಷ್ಟೊತ್ತಿಗೆ 42 ಹಲ್ಲು ಬರುತ್ತವೆ. ವಸಡು ಕಡಿಯುತ್ತಿರುತ್ತೆ. ಒದ್ದೆ ಬಟ್ಟೆಯನ್ನ ಗಂಟು ಹಾಕಿ ಫ್ರಿಜ್‌ನಲ್ಲಿಟ್ಟು ಕಡಿಯೋಕೆ ಕೊಡಿ, ನೀವು ಎದುರಿಗಿರುವಾಗ ಮಾತ್ರ. ಸೀರೆ ಹಿಡಿದಾಗ ಎಳೆದಾಡಬೇಡಿ, ಎಳೆದಷ್ಟೂ ಆಟ. ಅಮ್ಮ ನಿಂತಲ್ಲೇ ನಿಲ್ಲಲಿ. ಪಾಠದ ಹೊತ್ತಿಗೆ ಅವರು ಚೂಡಿದಾರ್ ಹಾಕಿದರೆ ಅರ್ಧ ಜಗಳ ಮುಗಿಯಿತು. ಹಲ್ಲು ತಾಗಿ ರಕ್ತ ಬಂದರೆ, ಗೀರಿದ್ದಾದರೂ ಸರಿ, ಹರಿಯೋ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಮರಿಗೆ ರೇಬೀಸ್ ಲಸಿಕೆ ಆಗದಿದ್ದರೆ ಅದನ್ನೂ ಹಾಕಿಸಿ, ಸಾಮಾನ್ಯವಾಗಿ ಮೂರು ತಿಂಗಳಿಗೆ ಕೊಡುತ್ತಾರೆ.

ಮನೇಲಿ ಪಳಗಿದ ಮೇಲೆ ಕುಂದವಾಡ ಕೆರೆ ಕಡೆ ಕರೆದುಕೊಂಡು ಹೋಗಿ. ಅಲ್ಲಿ ಕಷ್ಟ ಕೊಡೋದು ಮರಿಯಲ್ಲ, ವಾಕಿಂಗ್ ಬಂದವರು. ನೀವು ‘ನಾಲ್ಕು ಕಾಲು ಕೆಳಗಿದ್ದಾಗ ಮಾತ್ರ ಮುಟ್ರಿ’ ಅಂದರೆ ‘ಇರ್ಲಿ ಬಿಡ್ರಿ, ಮರಿ ಅಲ್ವಾ’ ಅಂತ ಬಗ್ಗಿಯೇಬಿಡ್ತಾರೆ. ಅವರಿಗೆ ಪಾಠ ಹೇಳೋಕೆ ನಿಲ್ಲಬೇಡಿ. ಹಗ್ಗ ಗಿಡ್ಡ ಹಿಡಿದು ಮರಿಯನ್ನ ಕರೆದು ಎರಡು ಹೆಜ್ಜೆ ಹಿಂದೆ ಸರೀರಿ, ಚೂರನ್ನ ನಿಮ್ಮ ಕಾಲ ಪಕ್ಕ ನೆಲಕ್ಕೆ ಹಾಕಿ.