ಜೋನಿ ಬೆಲ್ಲ ಬಿದ್ದೊಡನೆ ಚಾಕೊಲೇಟ್ ಮುದ್ದೆಗಟ್ಟುವುದೇಕೆ?

ಪ್ರಶ್ನೆ: ರಜೆಗೆ ಬಂದ ಮೊಮ್ಮಕ್ಕಳಿಗೆ ಅಂಗಡಿಯದರ ಬದಲು ಮನೆಯಲ್ಲೇ ಏನಾದರೂ ಮಾಡಿಕೊಡೋಣವೆಂದು, ಓವನ್ ಬೇಡದ ಚಾಕೊಲೇಟ್ ಉಂಡೆಗೆ ಕೈಹಾಕಿದೆ. ಡಾರ್ಕ್ ಚಾಕೊಲೇಟ್ ಕರಗಿಸಿ, ಸಕ್ಕರೆ ಬೇಡವೆಂದು ಒಂದು ದೊಡ್ಡ ಚಮಚ ಜೋನಿ ಬೆಲ್ಲ (ದ್ರವರೂಪದ ಬೆಲ್ಲ) ಹಾಕಿದ್ದೇ ತಡ, ಅದುವರೆಗೆ ಎಣ್ಣೆಯಂತೆ ಹರಿಯುತ್ತಿದ್ದದ್ದು ಒಮ್ಮೆಲೇ ಗಟ್ಟಿಯಾಗಿ, ತರಿತರಿಯಾಗಿ ಚಮಚಕ್ಕೆ ಅಂಟಿಕೊಂಡಿತು. ಬೆಲ್ಲ ಕೆಟ್ಟದ್ದೋ, ಚಾಕೊಲೇಟ್ ಕೆಟ್ಟದ್ದೋ? (ಸಾಗರ ತಾಲೂಕಿನ ಓದುಗರೊಬ್ಬರು)

ಉತ್ತರ: ಎರಡೂ ಕೆಟ್ಟಿಲ್ಲ. ಜೋನಿ ಬೆಲ್ಲದೊಂದಿಗೆ ಪಾತ್ರೆಗೆ ಸ್ವಲ್ಪ ನೀರು ಸೇರಿತು, ಆ ನೀರು ಸಾಲದೆ ಹೋಯಿತು. ನೀರು ಹೆಚ್ಚಾಗಿ ಕೆಟ್ಟಿತೆಂದು ಯಾರಾದರೂ ಹೇಳಿದರೆ ಸಹಜವೆನಿಸುತ್ತದೆ. ಕಡಿಮೆಯಾಗಿ ಕೆಟ್ಟಿತೆಂದರೆ ನಂಬುವುದು ಕಷ್ಟ. ಆದ್ದರಿಂದ ತುಸು ವಿವರವಾಗಿಯೇ ಹೇಳುತ್ತೇನೆ.

ನಮ್ಮ ಅಡುಗೆಮನೆಯ ಸಿಹಿತಿಂಡಿಗಳಲ್ಲಿ ಬಹುಪಾಲು ಪಾಕದಿಂದ ಆರಂಭವಾಗುತ್ತವೆ. ಬೆಲ್ಲಕ್ಕೆ ನೀರು ಹಾಕಿ, ಕುದಿಸಿ, ಎಳೆ ಬಂದಿತೇ ಎಂದು ಬೆರಳಿನಲ್ಲಿ ನೋಡಿ ಹದ ತಿಳಿಯುವ ಕೈಗೆ, ಸಿಹಿ ಎಂದರೆ ನೀರಿನಲ್ಲಿ ಕರಗಿದ್ದು ಎಂಬ ಎಣಿಕೆ ರೂಢಿಯಾಗಿರುತ್ತದೆ. ಚಾಕೊಲೇಟಿನ ಕಟ್ಟು ಇದಕ್ಕೆ ತಿರುಗಾಮುರುಗಾ. ಅದರಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ. ಇರುವುದು ಕೋಕೋ ಬೆಣ್ಣೆಯೆಂಬ ಜಿಡ್ಡು, ಮತ್ತು ಆ ಜಿಡ್ಡಿನಲ್ಲಿ ಕರಗದೆ ತೇಲುತ್ತಿರುವ ಸಕ್ಕರೆಯ ಹಾಗೂ ಕೋಕೋವಿನ ಅತಿ ನುಣುಪಾದ ಕಣಗಳು. ಪ್ರತಿ ಕಣಕ್ಕೂ ಜಿಡ್ಡಿನ ಹೊದಿಕೆ ಇರುವುದರಿಂದಲೇ ಕರಗಿದ ಚಾಕೊಲೇಟ್ ಅಷ್ಟು ಸಲೀಸಾಗಿ ಹರಿಯುತ್ತದೆ. ಅದರೊಳಗೆ ನಾಲ್ಕು ಹನಿ ನೀರು ಬಿದ್ದರೆ ಸಕ್ಕರೆಯ ಕಣಗಳ ಮೈ ಒದ್ದೆಯಾಗಿ ಅಂಟಾಗುತ್ತದೆ, ಒಂದು ಇನ್ನೊಂದಕ್ಕೆ ಹತ್ತಿಕೊಳ್ಳುತ್ತದೆ, ಇಡೀ ಪಾತ್ರೆ ಗಂಟುಗಟ್ಟುತ್ತದೆ. ಸಕ್ಕರೆ ಡಬ್ಬಿಗೆ ಒದ್ದೆ ಚಮಚ ಹಾಕಿದರೆ ಆಗುವುದೂ ಇದೇ. ಅದೇ ಸಕ್ಕರೆಗೆ ಧಾರಾಳವಾಗಿ ನೀರು ಹೊಯ್ದರೆ ಗಂಟು ಎಲ್ಲಿಯದು, ಅದು ಪಾನಕವಾಗುತ್ತದೆ.

ಈಗ ನಿಮ್ಮ ಜೋನಿ ಬೆಲ್ಲದ ಲೆಕ್ಕ ನೋಡಿ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಅಚ್ಚಿನ ಬೆಲ್ಲದ ಹದಕ್ಕಿಂತ ಮೊದಲೇ ಒಲೆಯಿಂದ ಇಳಿಸುವುದರಿಂದ ಜೋನಿಯಲ್ಲಿ ನೀರು ಉಳಿದಿರುತ್ತದೆ. ದ್ರವರೂಪದ ಬೆಲ್ಲದಲ್ಲಿ ತೂಕದ ಕಾಲು ಭಾಗಕ್ಕಿಂತ ಹೆಚ್ಚು ನೀರಿರುವುದೂ ಉಂಟು. ಒಂದು ದೊಡ್ಡ ಚಮಚ ಜೋನಿ ಸುಮಾರು 20 ಗ್ರಾಂ ತೂಗುತ್ತದೆ, ಅಂದರೆ ನಿಮ್ಮ ಪಾತ್ರೆಗೆ ಬಿದ್ದದ್ದು ಹೆಚ್ಚುಕಡಿಮೆ 5 ಗ್ರಾಂ ನೀರು. 100 ಗ್ರಾಂ ಚಾಕೊಲೇಟನ್ನು ಕೆಡಿಸಲು ಅಷ್ಟು ಸಾಕು, ಅದನ್ನು ಸಡಿಲಗೊಳಿಸಲು ಸಾಲದು. 100 ಗ್ರಾಂ ಡಾರ್ಕ್ ಚಾಕೊಲೇಟಿಗೆ ಕನಿಷ್ಠ ಎರಡು ದೊಡ್ಡ ಚಮಚ, ಎಂದರೆ 30 ಮಿಲಿಲೀಟರಿನಷ್ಟು ನೀರಿನಂಶ ಸೇರಿದರೆ ಅದು ಮುದ್ದೆಗಟ್ಟದೆ ನುಣ್ಣಗೆ ಕೂಡಿಕೊಳ್ಳುತ್ತದೆ. ಕೋಕೋ ಪ್ರಮಾಣ 70 ಶೇಕಡಾ ದಾಟಿದ್ದರೆ ಇನ್ನೂ ಸ್ವಲ್ಪ ಬೇಕಾದೀತು.

ನಾನೂ ಒಂದು ಆಷಾಢದ ಸಂಜೆ ಈ ಪಾಠ ಕಲಿತವಳೇ. ಬೆಲ್ಲವನ್ನೂ ಹಾಕಿರಲಿಲ್ಲ, ಕುದಿಯುವ ನೀರಿನ ಪಾತ್ರೆಯ ಮೇಲೆ ಸ್ಟೀಲ್ ಬೋಗುಣಿ ಇಟ್ಟು, ಅದರಲ್ಲಿ ಚಾಕೊಲೇಟ್ ಚೂರುಗಳನ್ನು ಹಾಕಿ, ಬೇಗ ಕರಗಲೆಂದು ತಟ್ಟೆ ಮುಚ್ಚಿದ್ದೆ. ತಟ್ಟೆ ಎತ್ತುವಾಗ ಅದರ ಒಳಮೈಯಲ್ಲಿ ಕೂತಿದ್ದ ಹಬೆಯ ಹನಿಗಳು ಅಂಚಿನತ್ತ ಜಾರಿ, ಒಂದರ ಹಿಂದೊಂದು ಬೋಗುಣಿಗೆ ಬಿದ್ದವು. ಬಿದ್ದ ಜಾಗದಲ್ಲಿ ಚಾಕೊಲೇಟಿನ ಹೊಳಪು ಮಾಯವಾಗಿ ಮಣ್ಣಿನ ಬಣ್ಣ ಬಂತು. ತಿರುವಿದಷ್ಟೂ ಅದು ಹರಡಿತು. ಎರಡು ನಿಮಿಷದಲ್ಲಿ ನಡುವೆ ಒಂದು ಒರಟು ಮುದ್ದೆ, ಸುತ್ತ ತೆಳುವಾದ ಜಿಡ್ಡಿನ ಅಂಚು ಉಳಿಯಿತು. ಅದನ್ನು ಹಿತ್ತಿಲಿಗೆ ಎಸೆದೆ. ಎಸೆಯಬೇಕಾಗಿರಲಿಲ್ಲವೆಂಬುದು ತಿಳಿದದ್ದು ಆಮೇಲೆ. ನಾಯಿ ಸಾಕಿದವರಂತೂ ಹಾಗೆ ಎಸೆಯಲೇಬಾರದು. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ನಾಯಿಗಳಿಗೆ ವಿಷ.

ಮುದ್ದೆಗಟ್ಟಿದ್ದನ್ನು ಉಳಿಸುವ ಬಗೆ ಸುಲಭ, ಆದರೆ ಧೈರ್ಯ ಬೇಕು. ಬೋಗುಣಿಯನ್ನು ಬಿಸಿನೀರಿನ ಮೇಲಿಂದ ಇಳಿಸಿ, ಬಿಸಿ ಹಾಲನ್ನೋ ಬಿಸಿನೀರನ್ನೋ ಒಂದೊಂದೇ ಚಮಚ ಹಾಕುತ್ತಾ ನಡುವಿನಿಂದ ಹೊರಕ್ಕೆ ತಿರುವುತ್ತಾ ಹೋಗಬೇಕು. ಮೊದಲ ಚಮಚಕ್ಕೆ ಅದು ಇನ್ನಷ್ಟು ಒಡೆದು ಜಿಡ್ಡು ಬಿಡುತ್ತದೆ. ಅಲ್ಲಿಗೆ ಕೈಬಿಡುವವರೇ ಹೆಚ್ಚು. ಎರಡನೆಯದೋ ಮೂರನೆಯದೋ ಚಮಚಕ್ಕೆ ಮುದ್ದೆ ಸಡಿಲಿ, ನಡುವಿನಲ್ಲಿ ಒಂದು ಹೊಳೆಯುವ ಚುಕ್ಕೆ ಕಾಣಿಸಿ, ಅದೇ ಬೆಳೆಯುತ್ತಾ ಇಡೀ ಪಾತ್ರೆ ಗಟ್ಟಿ ಮೊಸರಿನಂತೆ ನುಣ್ಣಗಾಗುತ್ತದೆ. ಹೀಗೆ ಉಳಿಸಿಕೊಂಡದ್ದು ಮತ್ತೆ ಪಟ್ಟನೆ ಮುರಿಯುವ ಬಿಲ್ಲೆಯಾಗಲಾರದು, ಅಷ್ಟು ಒಪ್ಪಿಕೊಳ್ಳಬೇಕು. ಉಂಡೆ ಕಟ್ಟಲು, ದೋಸೆಗೆ ಸವರಲು, ಬಿಸಿ ಹಾಲಿಗೆ ಕಲಸಲು ಅದು ಚೆನ್ನಾಗಿಯೇ ಒದಗುತ್ತದೆ.

ಆದ್ದರಿಂದ ಓವನ್ ಇಲ್ಲದೆ ಚಾಕೊಲೇಟ್ ತಿಂಡಿ ಮಾಡಹೊರಟವರು ಮೊದಲೇ ತೀರ್ಮಾನಿಸಬೇಕಾದದ್ದು ಒಂದೇ: ನೀರು ಸಾಕಷ್ಟು ಇರುವ ದಾರಿಯೋ, ಒಂದು ಹನಿಯೂ ಇಲ್ಲದ ದಾರಿಯೋ. ನಡುವಿನ ದಾರಿ ಇಲ್ಲ.

ನಿಮಗೆ ಜೋನಿ ಬೆಲ್ಲವೇ ಬೇಕೆಂದರೆ ಮೊದಲನೆಯ ದಾರಿ ಹಿಡಿಯಿರಿ. 200 ಗ್ರಾಂ ಡಾರ್ಕ್ ಚಾಕೊಲೇಟನ್ನು ಸಣ್ಣಗೆ ಹೆಚ್ಚಿ ಒಣ ಬೋಗುಣಿಯಲ್ಲಿಡಿ. ತೆಂಗಿನಕಾಯಿಯನ್ನು ಆದಷ್ಟು ಕಡಿಮೆ ನೀರಿನಲ್ಲಿ ರುಬ್ಬಿ ಹಿಂಡಿದ ಮೊದಲ ಗಟ್ಟಿ ಹಾಲು 90 ಮಿಲಿಲೀಟರ್, ಎರಡು ದೊಡ್ಡ ಚಮಚ ಜೋನಿ ಬೆಲ್ಲ, ಒಂದು ಚಿಟಿಕೆ ಉಪ್ಪು, ಇವನ್ನು ಒಟ್ಟಿಗೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಅಂಚಿನಲ್ಲಿ ಗುಳ್ಳೆ ಕಂಡೊಡನೆ ಇಳಿಸಿ. ಕೊತಕೊತ ಕುದಿಸಿದರೆ ಕಾಯಿಹಾಲು ಒಡೆಯುತ್ತದೆ. ಅದನ್ನು ಚಾಕೊಲೇಟಿನ ಮೇಲೆ ಒಮ್ಮೆಗೇ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ಬಳಿಕ ನಿಧಾನವಾಗಿ ತಿರುವಿ. ಆರಿದ ಮೇಲೆ ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟು, ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಹುರಿದ ಕೊಬ್ಬರಿ ತುರಿಯಲ್ಲೋ ಕೋಕೋ ಪುಡಿಯಲ್ಲೋ ಹೊರಳಿಸಬಹುದು. ಒಂದು ಏಲಕ್ಕಿಯ ಪುಡಿ ಸಾಕು. ಎರಡಾದರೆ ಪಾಯಸದ ನೆನಪು ಬರುತ್ತದೆ, ಚಾಕೊಲೇಟಿನದಲ್ಲ. ಕಾಯಿಹಾಲು ಸೇರಿರುವುದರಿಂದ ಇದನ್ನು ಫ್ರಿಜ್ಜಿನಲ್ಲೇ ಇಟ್ಟು ಮೂರು ನಾಲ್ಕು ದಿನದೊಳಗೆ ಮುಗಿಸಬೇಕು.

ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ, ಏಕೆಂದರೆ ಅದು ನಮಗೆ ಹೊಸದೇನಲ್ಲ. ಹುರಿಗಡಲೆ ತಂಬಿಟ್ಟು ಮಾಡಿದ ಪ್ರತಿ ಮನೆಯೂ ಓವನ್ ಇಲ್ಲದ ಸಿಹಿಯನ್ನು ಎಂದೋ ಮಾಡಿದೆ. ಅಲ್ಲಿಗೆ ಕೋಕೋ ಪುಡಿಯೊಂದನ್ನು ಕರೆತಂದರೆ ಮುಗಿಯಿತು. ಒಂದು ಲೋಟ ರಾಗಿ ಹುರಿಹಿಟ್ಟು, ಕಾಲು ಲೋಟ ಕೋಕೋ ಪುಡಿ, ಅರ್ಧ ಲೋಟ ಪುಡಿಮಾಡಿ ಜರಡಿ ಹಿಡಿದ ಅಚ್ಚಿನ ಬೆಲ್ಲ, ಎರಡು ಚಮಚ ಹುರಿದ ಎಳ್ಳು, ಇವನ್ನು ಕೈಯಲ್ಲಿ ಚೆನ್ನಾಗಿ ಬೆರೆಸಿ, ಬೆಚ್ಚಗಿನ ತುಪ್ಪವನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹಿಡಿದರೆ ನಿಲ್ಲುವ ಹದಕ್ಕೆ ತನ್ನಿ. ಲೋಟದ ಮೂರನೆಯ ಒಂದು ಭಾಗದಿಂದ ಅರ್ಧ ಲೋಟದವರೆಗೆ ತುಪ್ಪ ಹಿಡಿಸೀತು. ಹುರಿಹಿಟ್ಟನ್ನೇ ಹೇಳಿದ್ದಕ್ಕೆ ಕಾರಣವಿದೆ. ಅದು ಅರಳಿಸಿದ ರಾಗಿಯಿಂದ ಮಾಡಿದ್ದು, ಆಗಲೇ ಬೆಂದದ್ದು. ಸಾಮಾನ್ಯ ರಾಗಿ ಹಿಟ್ಟನ್ನಾಗಲಿ ಗೋಧಿ ಹಿಟ್ಟನ್ನಾಗಲಿ ಹಸಿಯಾಗಿ ಹಾಕಿದರೆ ರುಚಿಯೂ ಇಲ್ಲ, ಹೊಟ್ಟೆಗೂ ಹಿತವಲ್ಲ. ರಾಗಿಯಲ್ಲಿ 100 ಗ್ರಾಮಿಗೆ 340 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇರುವುದು ಇದರ ಜೊತೆಗೆ ಸಿಗುವ ಲಾಭ. ಉಂಡೆಯಲ್ಲಿ ಬೆಲ್ಲ ತುಸು ಕರಕರ ಎನ್ನುತ್ತದೆ, ಅದು ತಪ್ಪದು: ಬೆಲ್ಲವಾಗಲಿ ಸಕ್ಕರೆಯಾಗಲಿ ಜಿಡ್ಡಿನಲ್ಲಿ ಕರಗುವುದಿಲ್ಲ. ಕರಗಿಸಿದ ಚಾಕೊಲೇಟಿಗೆ ಬೆಲ್ಲದ ಪುಡಿ ಬೆರೆಸಿದವರು ಬಾಯಲ್ಲಿ ಮರಳು ಸಿಕ್ಕಿತೆಂದು ದೂರುವುದೂ ಇದಕ್ಕೇ.

ಈ ದಾರಿಯಲ್ಲಿ ಮಲೆನಾಡಿನವರಿಗೆ ಒಂದು ತೊಡಕು ಇದೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ, ಜುಲೈ ತಿಂಗಳಲ್ಲಿ, ಒಣ ಬೆಲ್ಲ ಎಂಬುದೇ ಇರುವುದಿಲ್ಲ. ಗಾಳಿಯ ತೇವವನ್ನು ಬೆಲ್ಲ ಹೀರಿಕೊಂಡು ಅಚ್ಚಿನ ಮೈಯೆಲ್ಲ ಬೆವರುತ್ತದೆ. ಅದನ್ನು ಕುಟ್ಟಿದರೆ ಪುಡಿಯಾಗದೆ ಒರಳಿಗೆ ಮೆತ್ತಿಕೊಳ್ಳುತ್ತದೆ. ಬೇಸಿಗೆಯಲ್ಲೇ ಬೆಲ್ಲವನ್ನು ಪುಡಿಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿಟ್ಟುಕೊಂಡವರು ಮಳೆಗಾಲದಲ್ಲಿ ಗೆದ್ದರು. ಉಳಿದವರು ಜೋನಿಯ ದಾರಿಯಲ್ಲೇ ಹೋಗುವುದು ಲೇಸು.

ಇವೆರಡೂ ಬೇಡವೆನ್ನುವವರು ಬೀಜ ತೆಗೆದ ಮೆತ್ತನೆಯ ಖರ್ಜೂರ 200 ಗ್ರಾಂ, ಹುರಿದು ಸಿಪ್ಪೆ ತೆಗೆದ ಶೇಂಗಾ 100 ಗ್ರಾಂ, ಮೂರು ಚಮಚ ಕೋಕೋ ಪುಡಿ ಇವನ್ನು ಮಿಕ್ಸಿಯಲ್ಲಿ ತಿರುವಿ ಉಂಡೆ ಕಟ್ಟಬಹುದು. ಇಲ್ಲಿ ಕರಗಿಸಿದ ಚಾಕೊಲೇಟೇ ಇಲ್ಲದ್ದರಿಂದ ಮುದ್ದೆಗಟ್ಟುವ ಭಯವಿಲ್ಲ. ಯಲ್ಲಾಪುರದ ಕಡೆಯ ಸುಕೇಳಿ, ಎಂದರೆ ಒಣಗಿಸಿದ ಬಾಳೆಹಣ್ಣು, ಸಿಕ್ಕರೆ ಖರ್ಜೂರದ ಅರ್ಧ ಭಾಗಕ್ಕೆ ಅದನ್ನು ಹಾಕಿ ನೋಡಿ, ಹುಳಿಯ ಒಂದು ಎಳೆ ಸೇರಿ ರುಚಿ ಏರುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಶೇಂಗಾ, ಗೋಡಂಬಿ ಗಂಟಲಲ್ಲಿ ಸಿಕ್ಕುವ ಅಪಾಯವಿರುವುದರಿಂದ ನುಣ್ಣಗೆ ಪುಡಿಮಾಡಿಯೇ ಹಾಕಬೇಕು. ಬೆಲ್ಲದ ಬದಲು ಜೇನು ಬಳಸುವವರು ಒಂದು ವರ್ಷ ತುಂಬದ ಕೂಸಿಗೆ ಅದರ ಚೂರನ್ನೂ ಕೊಡಬಾರದು.

ಸಕ್ಕರೆ ಬೇಡವೆಂದು ಬೆಲ್ಲ ಹಾಕಿದೆನೆಂದು ನೀವು ಬರೆದಿದ್ದೀರಿ. ಬೆಲ್ಲದ ಪರಿಮಳಕ್ಕೆ ನಾನೂ ಸೋತವಳು, ಆದರೆ ಲೆಕ್ಕಕ್ಕೆ ಬಂದಾಗ ಬೆಲ್ಲವೂ ಸಕ್ಕರೆಯೇ. ಅದರಲ್ಲಿರುವ ಅಲ್ಪಸ್ವಲ್ಪ ಕಬ್ಬಿಣ, ಖನಿಜಗಳನ್ನು ನೆಚ್ಚಿಕೊಂಡು ದಿನಕ್ಕೆ ಆರು ಉಂಡೆ ತಿನ್ನಿಸುವುದು ಸರಿಯಲ್ಲ. ಮಧುಮೇಹ ಇರುವವರಿಗಂತೂ ಬೆಲ್ಲದ ಚಾಕೊಲೇಟ್ ರಿಯಾಯಿತಿಯೇನೂ ಅಲ್ಲ. ನಿಜವಾದ ವ್ಯತ್ಯಾಸ ಬರುವುದು ಚಾಕೊಲೇಟ್ ಕೊಳ್ಳುವಾಗ. ಪೊಟ್ಟಣದ ಹಿಂಬದಿಯ ಸಣ್ಣಕ್ಷರದಲ್ಲಿ ಕೋಕೋ ಬೆಣ್ಣೆಯ ಹೆಸರಿಲ್ಲದೆ ಬರೀ ವನಸ್ಪತಿ ಕೊಬ್ಬಿನ ಹೆಸರಿದ್ದರೆ ಅದು ಕಾಂಪೌಂಡ್. ಕೇಕ್ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ದೊಡ್ಡ ಹಲಗೆಗಳಲ್ಲಿ ಅನೇಕವು ಈ ಜಾತಿಯವು. ಅವು ಬೇಗ ಹೆಪ್ಪುಗಟ್ಟುತ್ತವೆ, ಹದ ಬೇಡುವುದಿಲ್ಲ, ತಿಂದ ಮೇಲೆ ಅಂಗುಳಿಗೆ ಮೇಣ ಸವರಿದಂತಾಗುತ್ತದೆ.

ನಮ್ಮಲ್ಲಿ ಅಡಿಕೆ ತೋಟದ ನೆರಳಿನಲ್ಲಿ ಕೋಕೋ ಬೆಳೆಯುವವರಿದ್ದಾರೆ. ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ತೋಟದಲ್ಲಿ ಕೋಕೋ ಇದ್ದವರು ಆ ಬೀಜದಿಂದಲೇ ಏಕೆ ಮಾಡಬಾರದೆಂದು ಕೇಳುವುದುಂಟು. ತಿರುಳಿನೊಂದಿಗೆ ಐದಾರು ದಿನ ಹುದುಗಿಸಿ, ಒಣಗಿಸಿ, ಹುರಿದು, ಸಿಪ್ಪೆ ಹಾರಿಸುವವರೆಗೆ ಮನೆಯಲ್ಲಿ ಸಾಧ್ಯ; ಸೋಲುವುದು ಮಿಕ್ಸಿ. ಸುಮಾರು 0.03 ಮಿಲಿಮೀಟರಿಗಿಂತ ದೊಡ್ಡ ಕಣವನ್ನು ನಾಲಗೆ ತರಿಯೆಂದು ಗುರುತಿಸುತ್ತದೆ, ಅಷ್ಟು ನುಣುಪು ಬರಲು ಕಲ್ಲಿನ ಗ್ರೈಂಡರ್ ಗಂಟೆಗಟ್ಟಲೆ ತಿರುಗಬೇಕು.

ಕೊನೆಯದಾಗಿ ಇಡುವ ವಿಚಾರ. ಕೋಕೋ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಅಚ್ಚಿಗೆ ಹಾಕುವ ಸುಲಭ ವಿಧಾನವೊಂದು ಈಗ ಬಹಳ ಚಾಲ್ತಿಯಲ್ಲಿದೆ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ, ಕೊಬ್ಬರಿ ಎಣ್ಣೆ ಸುಮಾರು 24ರಲ್ಲಿ. ಡಿಸೆಂಬರಿನ ಬೆಳಗ್ಗೆ ತೀರ್ಥಹಳ್ಳಿಯಲ್ಲಿ ಎಣ್ಣೆಯ ಬಾಟಲಿ ತಾನಾಗಿಯೇ ಹೆಪ್ಪುಗಟ್ಟಿರುವಾಗ ಆ ಚಾಕೊಲೇಟ್ ಚೆನ್ನಾಗಿಯೇ ನಿಲ್ಲುತ್ತದೆ, ಏಪ್ರಿಲಿನ ಶಿವಮೊಗ್ಗದಲ್ಲಿ ತಟ್ಟೆಯಿಂದ ಬಾಯಿಗೆ ಹೋಗುವಷ್ಟರಲ್ಲಿ ಬೆರಳೆಲ್ಲ ಕಪ್ಪಾಗುತ್ತದೆ. ಯಾವ ಬಗೆಯದೇ ಆಗಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟೇ ಫ್ರಿಜ್ಜಿಗೆ ಹಾಕಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ ತಂಪು ಏರಿಳಿದು ಮೇಲ್ಮೈಯಲ್ಲಿ ಬೂದಿಯಂಥ ಬಿಳುಪು ಕಂಡರೆ ಅದು ಸಾಮಾನ್ಯವಾಗಿ ಮೇಲೆ ಬಂದ ಜಿಡ್ಡು, ತಿನ್ನಲು ಅಡ್ಡಿಯಿಲ್ಲ. ನೂಲಿನಂತೆ ಎದ್ದು ನಿಂತಿದ್ದರೆ, ಮುಗ್ಗಲು ವಾಸನೆ ಬಂದರೆ ಮಾತ್ರ ಅದು ಬೂಷ್ಟು, ಎಸೆಯಬೇಕು. ಡಬ್ಬಿಯನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ತೆರೆದರೆ ನಮ್ಮ ಒದ್ದೆ ಗಾಳಿ ತಣ್ಣನೆಯ ಉಂಡೆಗಳ ಮೇಲೆ ಹನಿಯಾಗಿ ಕೂರುತ್ತದೆ. ಅರ್ಧ ಗಂಟೆ ಹಾಗೆಯೇ ಹೊರಗಿಟ್ಟು, ಆಮೇಲೆ ಮುಚ್ಚಳ ತೆಗೆಯಿರಿ.