ನೆರೆ ಊರಿಗೆ ಹೋಗಿ ಬಂದವರ ಜ್ವರ

"ಸರ್, ನಾಲ್ಕು ದಿನದಿಂದ ಜ್ವರ. ಮೀನಖಂಡ ಹಿಡಿದುಬಿಟ್ಟಿದೆ, ಮೆಟ್ಟಿಲು ಇಳಿಯೋಕಾಗ್ತಿಲ್ಲ."

2019ರ ಆಗಸ್ಟ್ ಕೊನೆಯ ವಾರ. ಬೆಂಗಳೂರಿನಿಂದ ಒಬ್ಬ ಹುಡುಗನ ಫೋನು. ಹನ್ನೆರಡು ದಿನದ ಹಿಂದೆ ಅವನೂ ನಾನೂ ಮಲಪ್ರಭೆ ದಂಡೆಯ ಊರೊಂದರಲ್ಲಿ ಮೊಣಕಾಲುದ್ದ ರಾಡಿಯಲ್ಲಿ ನಿಂತು ಸಲಿಕೆ ಹಿಡಿದಿದ್ದೆವು. ಡೆಂಗಿ ಟೆಸ್ಟ್ ಮಾಡಿಸಿದ್ದ, ನೆಗೆಟಿವ್. ವೈರಲ್ ಜ್ವರ ಎಂದು ಮಾತ್ರೆ ಕೊಟ್ಟು ಕಳಿಸಿದ್ದರು.

"ನೆರೆ ಊರಲ್ಲಿ ಕೆಲಸ ಮಾಡಿದ್ದೆ ಅಂತ ಹೇಳಿದೆಯಾ?"

"ಇಲ್ಲ ಸರ್. ಅವರು ಕೇಳ್ಲಿಲ್ಲ."

ಕಣ್ಣು ಹೇಗಿದೆ ಎಂದು ಕೇಳಿದೆ. ಕೆಂಪಗಿದೆ, ಆದರೆ ಪಿಚ್ಚು ಬರುತ್ತಿಲ್ಲ ಎಂದ. ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಲು ಹೇಳಿದೆ. ಇಲಿ ಜ್ವರವೇ ಆಗಿತ್ತು. ಒಂದು ವಾರ ಮಲಗಿ ಎದ್ದು ಬಂದ. ಇನ್ನೆರಡು ದಿನ ತಡವಾಗಿದ್ದರೆ ಕಿಡ್ನಿಯ ಕತೆ ಏನಾಗುತ್ತಿತ್ತೋ.

ಆ ವೈದ್ಯರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ಅವರ ಬೀದಿಯಲ್ಲಿ ನೆರೆ ಬಂದಿರಲಿಲ್ಲ. ಇಲಿ, ನಾಯಿ, ದನಗಳ ಮೂತ್ರದಿಂದ ಇಲಿ ಜ್ವರ ತರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ನೀರು, ಕೆಸರು ಸೇರುತ್ತದೆ. ಕಾಲಿನ ಗಾಯದಿಂದಲೋ, ನೆನೆದು ಮೆತ್ತಗಾದ ಚರ್ಮದಿಂದಲೋ, ಕಣ್ಣಿಗೆ ಸಿಡಿದ ಹನಿಯಿಂದಲೋ ಮೈಗೆ ಇಳಿಯುತ್ತದೆ. ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 5ರಿಂದ 14 ದಿನ ಬೇಕು, ಕೆಲವೊಮ್ಮೆ ಒಂದು ತಿಂಗಳು. ಊರಿನವರಿಗೆ ಜ್ವರ ಬಂದರೆ ಅಲ್ಲಿನ ಆಶಾ ಕಾರ್ಯಕರ್ತೆಗೆ ಅನುಮಾನ ಬರುತ್ತದೆ. ಸ್ವಯಂಸೇವಕ ಅಷ್ಟರಲ್ಲಿ ಮನೆಗೆ ಹೋಗಿ, ಆಫೀಸಿಗೂ ಹೋಗುತ್ತಿರುತ್ತಾನೆ.

ಕೇರಳ ಈ ಪಾಠವನ್ನು 2018ರಲ್ಲಿ ಕಷ್ಟಪಟ್ಟು ಕಲಿತಿತ್ತು. ನೀರು ಇಳಿದ ಮೇಲೆ ಅಲ್ಲಿ ಇಲಿ ಜ್ವರ ಹಬ್ಬಿ ಸಾವುಗಳೂ ಆದವು. ಕೆಸರಿಗೆ ಇಳಿಯುವವರಿಗೆಲ್ಲ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಟ್ಟರು. ನಮ್ಮ ಬಾಕ್ಸಿನಲ್ಲೂ ಆ ಮಾತ್ರೆ ಇತ್ತು. ಆ ಹುಡುಗ ತಗೊಂಡಿರಲಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿದ ಗೆಳೆಯನಿಗೆ ವಾಂತಿಯಾದದ್ದು ನೋಡಿ ಹೆದರಿಬಿಟ್ಟಿದ್ದನಂತೆ. ತಪ್ಪು ನನ್ನದು. ಮಾತ್ರೆ ಹಂಚಿದ್ದೆ, ಹೇಗೆ ನುಂಗಬೇಕು ಎಂದು ಹೇಳಿರಲಿಲ್ಲ. ಊಟ ಮಾಡಿ, ದೊಡ್ಡ ಲೋಟದ ತುಂಬ ನೀರು ಕುಡಿದು ನುಂಗಬೇಕು, ನುಂಗಿ ಅರ್ಧ ಗಂಟೆ ಮಲಗಬಾರದು. ಇಲ್ಲದಿದ್ದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎದೆ ಉರಿಯುತ್ತದೆ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಇದು ಆಗದು. ಉಳಿದವರೂ ವೈದ್ಯರನ್ನು ಕೇಳಿಯೇ ತಗೊಳ್ಳಿ. ಮಾತ್ರೆ ನುಂಗಿದ್ದೇನೆ ಎಂದು ಬರಿಗಾಲಲ್ಲಿ ಇಳಿಯುವಂತೆಯೂ ಇಲ್ಲ.

ಕಾಲಿನ ಮಾತು ಬಂತಲ್ಲ. ಆ ಸಲ ನಾನು ಕಾರಿನ ಡಿಕ್ಕಿ ತುಂಬ ಮಾಸ್ಕು, ಸ್ಯಾನಿಟೈಸರು ತುಂಬಿಕೊಂಡು ಹೋಗಿದ್ದೆ. ಹೋಗಿ ನೋಡಿದರೆ 22 ಹುಡುಗರಲ್ಲಿ ಗಮ್ ಬೂಟು ಇದ್ದದ್ದು ಮೂವರಿಗೆ. ಉಳಿದವರೆಲ್ಲ ಹವಾಯಿ ಚಪ್ಪಲಿ. ಯರಿ ಮಣ್ಣಿನ ರಾಡಿ ಚಪ್ಪಲಿಯನ್ನು ಬಿಡುವುದಿಲ್ಲ, ಎರಡನೇ ಹೆಜ್ಜೆಗೇ ಕಿತ್ತುಕೊಳ್ಳುತ್ತದೆ. ಆಮೇಲೆ ಬರಿಗಾಲು. ಕೆಸರಿನೊಳಗೆ ತಗಡು, ಮೊಳೆ, ಒಡೆದ ಬಾಟಲಿ, ಜಾಲಿ ಮುಳ್ಳು. ಮಧ್ಯಾಹ್ನದೊಳಗೆ ಆರು ಜನರ ಕಾಲು ಕೊಯ್ದಿತ್ತು. ಗಾಯವನ್ನು ಚೊಕ್ಕ ನೀರು, ಸೋಪಿನಿಂದ ಚೆನ್ನಾಗಿ ತೊಳೆದು, ನೀರು ತಾಗದಂತೆ ಪಟ್ಟಿ ಹಾಕಿ, ಆ ಕಾಲನ್ನು ಅವತ್ತು ಮತ್ತೆ ಕೆಸರಿಗೆ ಇಳಿಸಬಾರದು. ಟಿಟಿ ಇಂಜೆಕ್ಷನ್ (ಈಗ ಅದರ ಜಾಗದಲ್ಲಿ ಟಿಡಿ ಕೊಡುತ್ತಾರೆ) ಯಾವಾಗ ಆಯಿತು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಸ್ಕೂಲಲ್ಲಿ ಹಾಕಿದ್ರು ಸರ್." ಹೊರಡುವ ಮೊದಲೇ ಹಾಕಿಸಿಕೊಳ್ಳಿ. ಬೂಟಿನೊಳಗೆ ನೀರು ಹೋದರೆ ಸಂಜೆಯವರೆಗೆ ಹಾಗೇ ಓಡಾಡಬೇಡಿ, ಕೆಸರುಹುಣ್ಣು ಗ್ಯಾರಂಟಿ.

ಬ್ಲೀಚಿಂಗ್ ಪೌಡರ್ ಬಗ್ಗೆ ನನಗೆ ಹಳೆಯ ಜಗಳವಿದೆ. ಅಂಗಳದ ತುಂಬ ರಂಗೋಲಿ ಎಳೆದ ಹಾಗೆ ಒಣ ಪುಡಿ ಉದುರಿಸುತ್ತೇವೆ. ನೋಡೋಕೆ ಏನೋ ಕೆಲಸ ಆದ ಹಾಗೆ ಕಾಣುತ್ತದೆ. ಕೆಸರಿನ ಮೇಲೆ ಬಿದ್ದ ಕ್ಲೋರಿನ್ ಕೆಸರಿಗೇ ಖರ್ಚಾಗುತ್ತದೆ, ಉದುರಿಸುವವನ ಕಣ್ಣು, ಗಂಟಲು ಉರಿಯುವುದೊಂದೇ ಲಾಭ. ಮೊದಲು ರಾಡಿ ಎತ್ತಬೇಕು, ಆಮೇಲೆ ಸೋಪಿನ ನೀರಿನಿಂದ ತಿಕ್ಕಬೇಕು, ಕೊನೆಗೆ ಬ್ಲೀಚಿಂಗ್. ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ ಕಲಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿ ನೀರನ್ನು ನೆಲಕ್ಕೆ ಹಾಕಿ ಅರ್ಧ ಗಂಟೆ ಬಿಡಿ. ಬಾಯಿ ತೆರೆದಿಟ್ಟ ಹಳೆ ಚೀಲದ ಪುಡಿಯಲ್ಲಿ ಶಕ್ತಿ ಇರುವುದಿಲ್ಲ. ಬ್ಲೀಚಿಂಗ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಸೇರಿಸಲೇಬೇಡಿ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಏಳುವ ಆ ಗಾಳಿ ಶ್ವಾಸಕೋಶವನ್ನೇ ಸುಡುತ್ತದೆ.

ಇನ್ನು ಒಳಗೆ ನುಗ್ಗುವ ಉತ್ಸಾಹ. ನೀರಿರುವಾಗ ನಿಂತಿದ್ದ ಮಣ್ಣಿನ ಗೋಡೆಯೂ ನೀರು ಇಳಿದು ಬಿಸಿಲು ಬಿದ್ದಾಗ ಕುಸಿಯಬಹುದು. ಒಬ್ಬ ಅಜ್ಜಿ ನಮ್ಮನ್ನು ಬಾಗಿಲಲ್ಲೇ ತಡೆದಳು: "ಯಪ್ಪಾ, ಒಂದ ಗ್ವಾಡಿ ನಿಂತೈತಿ, ಅದೂ ಬೀಳತೈತಿ. ಒಳಗ ಹೋಗಬ್ಯಾಡ್ರಿ." ಪಾತ್ರೆ ತರುತ್ತೇವೆ ಎಂದು ಹಟ ಹಿಡಿದವರು ನಾವೇ. ಸಂಜೆ ಆ ಗೋಡೆ ಬಿತ್ತು. ಅದೇ ಓಣಿಯಲ್ಲಿ ಹಗೇವೊಂದರ (ಕಾಳು ತುಂಬಿಡುವ ನೆಲದಡಿಯ ಗುಂಡಿ) ಬಾಯಿ ತೆರೆದು ಜೋಳ ಎತ್ತಲು ಇಬ್ಬರು ಹುಡುಗರು ಸಿದ್ಧರಾಗಿದ್ದರು. ನೆನೆದ ಕಾಳು ಹುಳಿತು ಒಳಗೆ ಉಸಿರಾಡುವ ಗಾಳಿಯೇ ಇರುವುದಿಲ್ಲ. ಇಳಿದವನು ಕೂಗಲೂ ಆಗದೆ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಅಷ್ಟೇ. ಅಲ್ಲಿನ ಹಿರಿಯರು ಗದರಿಸಿ ಎಬ್ಬಿಸಿದರು. ಮೇನ್ ಸ್ವಿಚ್, ಹಾವು, ಜನರೇಟರ್ ಹೊಗೆ, ಈ ವಿಷಯಗಳಲ್ಲೂ ಅಷ್ಟೇ: ಮೊದಲು ಊರಿನವರ ಮಾತು ಕೇಳಿ. ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಬೇಡ. ಕೈಕಾಲು ಅಲುಗಿಸದೆ ಸೀದಾ ಆಸ್ಪತ್ರೆಗೆ.

ಈಗ ನಮ್ಮ ತಂಡ ಹೊರಟರೆ ಡಿಕ್ಕಿಯಲ್ಲಿ ಮೊದಲು ಬೂಟು, ದಪ್ಪ ಗ್ಲೌಸು, ಓಆರ್‌ಎಸ್. ವಾಪಸ್ ಬರುವ ದಿನ ಎಲ್ಲರಿಗೂ ಒಂದು ಚೀಟಿ: "ನಾನು ಈ ತಾರೀಖಿನಿಂದ ಈ ತಾರೀಖಿನವರೆಗೆ ನೆರೆ ಬಂದ ಊರಲ್ಲಿ ಕೆಸರಿನಲ್ಲಿ ಕೆಲಸ ಮಾಡಿದ್ದೇನೆ. ಜ್ವರ ಬಂದರೆ ಇಲಿ ಜ್ವರ ಪರೀಕ್ಷಿಸಿ." ಕೆಳಗೆ ಇನ್ನೊಂದು ಸಾಲು: ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ, ಕಿಡ್ನಿಗೆ ಪೆಟ್ಟು. ಮೂವತ್ತು ದಿನ ಪರ್ಸಿನಲ್ಲಿ ಇರಬೇಕು ಎಂದು ಹೇಳುತ್ತೇನೆ. ಫೋನು ಮಾಡಿದ್ದ ಆ ಹುಡುಗ ಈಗ ಚೀಟಿ ಹಂಚುವವನು. ಹಂಚುವಾಗ ತನ್ನ ಕತೆ ಸ್ವಲ್ಪ ಜಾಸ್ತಿಯೇ ಬಣ್ಣ ಕಟ್ಟಿ ಹೇಳುತ್ತಾನೆ. ನಾನು ತಡೆಯುವುದಿಲ್ಲ.