ಪೆರಿಸ್ಟಾಲ್ಸಿಸ್: ತುತ್ತನ್ನು ಸಾಗಿಸುವ ಅಲೆ

ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಿ ಎರಡು ದಿನವಾಗಿತ್ತು. ಬೆಳಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಹೊಲಿಗೆ ನೋಡಿದರು. ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಸ್ವಲ್ಪ ಹೊತ್ತು ಕಿವಿಗೊಟ್ಟರು. ಆಮೇಲೆ ಕೇಳಿದರು: "ಅಮ್ಮಾ, ಗ್ಯಾಸ್ ಪಾಸ್ ಆಯ್ತಾ?"

ಅಮ್ಮನಿಗೆ ನಾಚಿಕೆ. ಇಲ್ಲ ಅಂತ ತಲೆಯಾಡಿಸಿದಳು.

"ಹಾಗಾದ್ರೆ ಊಟಕ್ಕೆ ಇನ್ನೂ ಒಂದಿನ ಕಾಯೋಣ. ಕರುಳು ಪೂರ್ತಿ ಎದ್ದಿಲ್ಲ."

ಆ ಮಾತು ನನ್ನ ತಲೆಯಲ್ಲಿ ಹಾಗೇ ಉಳಿಯಿತು. ಕರುಳು ಮಲಗುತ್ತದಾ? ಎದ್ದರೆ ಏನು ಮಾಡುತ್ತದೆ? ಅದು ಎದ್ದಿದ್ದಕ್ಕೂ ಗ್ಯಾಸ್ ಹೋಗುವುದಕ್ಕೂ ಏನು ಸಂಬಂಧ? ಉತ್ತರ ಹುಡುಕುತ್ತಾ ಹೋದಾಗ ಸಿಕ್ಕ ಪದವೇ ಪೆರಿಸ್ಟಾಲ್ಸಿಸ್.

ಮೂಲ ಗ್ರೀಕ್ ಭಾಷೆಯದು. 'ಪೆರಿ' ಅಂದರೆ ಸುತ್ತ. ಉಳಿದ ಭಾಗಕ್ಕೆ ಹಿಂಡುವುದು, ಕುಗ್ಗಿಸುವುದು ಅನ್ನುವ ಅರ್ಥವಿದೆ. ಸುತ್ತಲಿಂದ ಹಿಂಡುವುದು, ಅಷ್ಟೇ. ಆದರೆ ಒಂದೇ ಜಾಗದಲ್ಲಿ ಹಿಂಡಿದರೆ ಅದು ಪೆರಿಸ್ಟಾಲ್ಸಿಸ್ ಆಗುವುದಿಲ್ಲ. ಹಿಂಡುವ ಜಾಗ ಮುಂದೆ ಮುಂದೆ ಸರಿಯುತ್ತಾ ಹೋಗಬೇಕು, ಅಲೆಯ ಹಾಗೆ. 'ಅಲೆಹಿಂಡು' ಅಂತ ಕರೆದರೆ ಕನ್ನಡದ ಕಿವಿಗೆ ಬೇಗ ಅರ್ಥವಾಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಪೈಜಾಮಕ್ಕೆ ಲಾಡಿ ಪೋಣಿಸಿದ್ದೀರಲ್ವಾ? ಲಾಡಿಯ ತುದಿಗೆ ಒಂದು ಪಿನ್ನು ಚುಚ್ಚಿ ಸೊಂಟದ ಪಟ್ಟಿಯೊಳಗೆ ತೂರಿಸುತ್ತೇವೆ. ಒಳಗೆ ಹೋದ ಪಿನ್ನು ಕಣ್ಣಿಗೆ ಕಾಣುವುದಿಲ್ಲ, ಬಟ್ಟೆಯ ಮೇಲಿಂದ ಕೈಗೆ ಸಿಗುತ್ತದೆ. ಪಿನ್ನಿನ ಹಿಂದೆ ಬಟ್ಟೆಯನ್ನು ಬೆರಳಲ್ಲಿ ಒತ್ತಿ ಹಿಡಿಯುತ್ತೇವೆ. ಮುಂದಿನ ಬಟ್ಟೆಯನ್ನು ಸಡಿಲ ಬಿಡುತ್ತೇವೆ. ಪಿನ್ನು ಒಂದು ಬೆರಳಿನಷ್ಟು ಮುಂದೆ ಜಾರುತ್ತದೆ. ಮತ್ತೆ ಹಿಂದೆ ಒತ್ತು, ಮುಂದೆ ಸಡಿಲ. ಅನ್ನನಾಳ, ಜಠರ, ಕರುಳು ಎಲ್ಲವೂ ತುತ್ತನ್ನು ಸಾಗಿಸುವುದು ಇದೇ ರೀತಿ. ವ್ಯತ್ಯಾಸ ಇಷ್ಟೇ: ಇಲ್ಲಿ ಹೊರಗಿನ ಬೆರಳಿಲ್ಲ, ಬಟ್ಟೆಯೇ ತನ್ನನ್ನು ತಾನು ಒತ್ತಿಕೊಳ್ಳುತ್ತದೆ. ಈ ನಾಳದ ಗೋಡೆಯಲ್ಲಿ ಮುಖ್ಯವಾಗಿ ಎರಡು ಪದರ ಸ್ನಾಯು ಇದೆ. ಒಳಗಿನದು ಬಳೆಯ ಹಾಗೆ ಸುತ್ತಿಕೊಂಡಿರುತ್ತದೆ, ಹೊರಗಿನದು ಉದ್ದಕ್ಕೆ ಹಬ್ಬಿರುತ್ತದೆ. ಬಳೆಯಂಥದ್ದು ಬಿಗಿದರೆ ನಾಳ ಕಿರಿದಾಗುತ್ತದೆ, ಉದ್ದದ್ದು ಬಿಗಿದರೆ ನಾಳ ಗಿಡ್ಡವಾಗುತ್ತದೆ.

ಈಗ ಒಂದು ತುತ್ತಿನ ಜೊತೆ ಹೋಗೋಣ.

ಬಾಯಲ್ಲಿ ಇರುವವರೆಗೆ ತುತ್ತು ನಮ್ಮ ಮಾತು ಕೇಳುತ್ತದೆ. ಅಗಿಯಬಹುದು, ಉಗಿಯಬಹುದು. ನಾಲಿಗೆ ಅದನ್ನು ಗಂಟಲಿನ ಹಿಂಭಾಗಕ್ಕೆ ದೂಡಿದ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ಕತ್ತಿನ ಮುಂಭಾಗದ ಗಂಟಿನ ಮೇಲೆ ಬೆರಳಿಟ್ಟು ಒಮ್ಮೆ ಎಂಜಲು ನುಂಗಿ ನೋಡಿ. ಗಂಟು ಮೇಲಕ್ಕೆ ಹಾರಿ ಕೆಳಗಿಳಿಯುತ್ತದೆ. ಆ ಕ್ಷಣದಲ್ಲಿ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ. ಊಟ ಮಾಡುತ್ತಾ ನಗುವಾಗಲೋ ಮಾತಾಡುವಾಗಲೋ ಇದು ಸ್ವಲ್ಪ ತಪ್ಪಿದರೆ 'ನೆತ್ತಿಗೆ ಹತ್ತಿತು' ಅನ್ನುತ್ತೇವೆ. ನಿಜವಾಗಿ ಅದು ನೆತ್ತಿಯ ಕಡೆ ಹೋಗಿರುವುದಿಲ್ಲ, ಉಸಿರಿನ ದಾರಿಗೆ ಇಣುಕಿರುತ್ತದೆ. ಕೆಮ್ಮು ಬರುವುದು ಅದನ್ನು ಹೊರಗೆ ಎಸೆಯಲು.

ಮುಂದಿನದು ಅನ್ನನಾಳ. ಸುಮಾರು 25 ಸೆಂಟಿಮೀಟರ್ ಉದ್ದ. ಅಲೆ ಇದನ್ನು ದಾಟಲು 8ರಿಂದ 10 ಸೆಕೆಂಡ್ ಸಾಕು. ಎದ್ದು ಕೂತು ನೀರು ಕುಡಿದರೆ ನೀರು ಅಲೆಗೆ ಕಾಯದೆ ಮೊದಲೇ ಕೆಳಗೆ ಇಳಿದುಬಿಡುತ್ತದೆ. ಹಾಗಂತ ತುತ್ತು ತನ್ನ ಭಾರಕ್ಕೇ ಬೀಳುತ್ತದೆ ಅಂದುಕೊಳ್ಳಬೇಡಿ. ತಲೆಕೆಳಗಾಗಿ ನಿಂತರೂ ನುಂಗಿದ್ದು ಜಠರದ ಕಡೆಗೇ ಹೋಗುತ್ತದೆ. ಅಂತರಿಕ್ಷಕ್ಕೆ ಮನುಷ್ಯರನ್ನು ಕಳಿಸುವ ಮೊದಲು, ಭಾರವೇ ಇಲ್ಲದ ಕಡೆ ನುಂಗಲು ಆಗುತ್ತದೋ ಇಲ್ಲವೋ ಅನ್ನುವ ಅನುಮಾನ ಇತ್ತು. 1962ರ ಫೆಬ್ರವರಿಯಲ್ಲಿ ಭೂಮಿಯನ್ನು ಸುತ್ತಿದ ಅಮೆರಿಕದ ಜಾನ್ ಗ್ಲೆನ್ ಟ್ಯೂಬಿನಿಂದ ಸೇಬಿನ ಸಾಸ್ ಹಿಂಡಿಕೊಂಡು ತಿಂದರು. ಏನೂ ತೊಂದರೆ ಆಗಲಿಲ್ಲ. ತುತ್ತೇನಾದರೂ ನಡುವೆ ಸಿಕ್ಕಿಕೊಂಡರೆ, ಅದು ನಿಂತ ಜಾಗದ ಮೇಲಿಂದಲೇ ಹೊಸ ಅಲೆ ಏಳುತ್ತದೆ. ಅದಕ್ಕೆ ನಾವು ಮತ್ತೆ ನುಂಗಲೂ ಬೇಕಾಗಿಲ್ಲ.

ಜಠರದಲ್ಲಿ ಅಲೆಯ ಕೆಲಸ ಬದಲಾಗುತ್ತದೆ. ನಿಮಿಷಕ್ಕೆ ಸುಮಾರು 3 ಅಲೆ, ನಡುವಿನಿಂದ ಕೆಳಗಿನ ಬಾಗಿಲಿನ ಕಡೆಗೆ. ಆ ಬಾಗಿಲು ತುಂಬಾ ಕಿರಿದು. ನುಣ್ಣಗೆ ಅರೆದದ್ದನ್ನು ಮಾತ್ರ, 2 ಮಿಲಿಮೀಟರಿಗಿಂತ ಚಿಕ್ಕ ಕಣಗಳನ್ನು, ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ದೊಡ್ಡ ಚೂರುಗಳು ಬಾಗಿಲಿಗೆ ಬಡಿದು ವಾಪಸ್ ಬರುತ್ತವೆ, ಮತ್ತೆ ಅರೆಯಿಸಿಕೊಳ್ಳುತ್ತವೆ. ಸರಿಯಾಗಿ ಅಗಿಯದೆ ನುಂಗಿದ್ದಕ್ಕೆ ಇಲ್ಲಿ ಜಾಸ್ತಿ ಹೊತ್ತು ಹಿಡಿಯುತ್ತದೆ. ಒಂದು ಸಾಧಾರಣ ಊಟ ಜಠರ ಬಿಟ್ಟು ಹೋಗಲು 2ರಿಂದ 4 ಗಂಟೆ ಬೇಕು, ಜಿಡ್ಡು ಹೆಚ್ಚಿದ್ದರೆ ಇನ್ನೂ ತಡ.

ಇದನ್ನೆಲ್ಲ ಜೀವಂತ ದೇಹದಲ್ಲಿ ಕಣ್ಣಾರೆ ನೋಡಿದ್ದು ಎಕ್ಸ್‌ರೇ ಬಂದ ಮೇಲೆ. ಎಕ್ಸ್‌ರೇ ಪತ್ತೆಯಾದ ಮರುವರ್ಷವೇ, 1896ರಲ್ಲಿ, ಹಾರ್ವರ್ಡ್‌ನಲ್ಲಿ ಮೆಡಿಕಲ್ ಓದುತ್ತಿದ್ದ ವಾಲ್ಟರ್ ಕ್ಯಾನನ್ ಪ್ರಾಣಿಗಳು ನುಂಗುವುದನ್ನು ಅದರಲ್ಲಿ ನೋಡಲು ಶುರು ಮಾಡಿದರು. ಆಹಾರಕ್ಕೆ ಬಿಸ್ಮತ್ ಅನ್ನುವ ಭಾರವಾದ ಲೋಹದ ಲವಣ ಬೆರೆಸಿದರೆ ಎಕ್ಸ್‌ರೇಯಲ್ಲಿ ಅದು ಕಪ್ಪಗೆ ಕಾಣುತ್ತಿತ್ತು. ಬೆಕ್ಕುಗಳ ಜಠರದಲ್ಲಿ ಅಲೆಗಳು ಒಂದರ ಹಿಂದೆ ಒಂದು ಬರುವುದನ್ನು ಅವರು ನೋಡಿದರು. ಅದಕ್ಕಿಂತ ನನಗೆ ಇಷ್ಟವಾದ ಸಂಗತಿ ಇನ್ನೊಂದಿದೆ. ಬೆಕ್ಕು ಗಾಬರಿಯಾದರೆ, ಸಿಟ್ಟಿಗೆದ್ದರೆ ಜಠರದ ಅಲೆಗಳು ನಿಂತೇ ಹೋಗುತ್ತಿದ್ದವು. ಬೆಕ್ಕು ಶಾಂತವಾದ ಮೇಲೆ ಮತ್ತೆ ಶುರು. ಊಟದ ಹೊತ್ತಿಗೆ ಮಕ್ಕಳನ್ನು ಬೈಯಬೇಡಿ ಅಂತ ಹಿರಿಯರು ಹೇಳುತ್ತಿದ್ದುದು ಸುಮ್ನೆ ಅಲ್ಲ.

ಸಣ್ಣ ಕರುಳಿನಲ್ಲಿ ಅವಸರವೇ ಇಲ್ಲ. ಸಾಗುವ ವೇಗ ನಿಮಿಷಕ್ಕೆ ಸರಾಸರಿ 1 ಸೆಂಟಿಮೀಟರ್. ಪೂರ್ತಿ ದಾಟಲು 3ರಿಂದ 5 ಗಂಟೆ. ಇಲ್ಲಿ ಅಲೆಹಿಂಡಿನ ಜೊತೆಗೆ ಇನ್ನೊಂದು ಚಲನೆಯೂ ಇದೆ. ಕರುಳು ಅಲ್ಲಲ್ಲಿ ಬಿಗಿದು, ಆಹಾರವನ್ನು ತುಂಡು ತುಂಡಾಗಿಸಿ, ಆಮೇಲೆ ಆ ತುಂಡುಗಳ ನಡುವೆ ಬಿಗಿಯುತ್ತದೆ. ಇದರಿಂದ ಆಹಾರ ಮುಂದೆ ಹೋಗುವುದು ಕಡಿಮೆ, ಕಲಸುವುದು ಜಾಸ್ತಿ. ಪಿತ್ತರಸ, ಮೇದೋಜೀರಕ ರಸ ಎಲ್ಲ ಚೆನ್ನಾಗಿ ಬೆರೆಯುತ್ತವೆ, ಅರಗಿದ್ದು ಗೋಡೆಗೆ ತಾಗಿ ರಕ್ತಕ್ಕೆ ಸೇರುತ್ತದೆ. ತಿಂದದ್ದು ಮೈಗೆ ಹತ್ತುವುದು ಮುಖ್ಯವಾಗಿ ಇಲ್ಲೇ. ಹಾಗಾಗಿ ಇಲ್ಲಿ ನಿಧಾನವೇ ಒಳ್ಳೆಯದು.

ಹಿಂದೆ ಬಿಗಿ, ಮುಂದೆ ಸಡಿಲ ಅನ್ನುವ ಲಾಡಿಯ ಲೆಕ್ಕವನ್ನು ಪ್ರಯೋಗ ಮಾಡಿ ತೋರಿಸಿದವರು ಲಂಡನ್ನಿನ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್. ವರ್ಷ 1899. ಇಬ್ಬರೂ ನೆಂಟರು, ಬೇಲಿಸ್ ಮದುವೆಯಾಗಿದ್ದು ಸ್ಟಾರ್ಲಿಂಗ್ ಅವರ ಸೋದರಿಯನ್ನು. ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿದರೂ ಈ ಚಲನೆ ಮುಂದುವರಿಯಿತು. ಅಂದರೆ ಹಿಂದೆ ಯಾವಾಗ ಬಿಗಿಯಬೇಕು, ಮುಂದೆ ಯಾವಾಗ ಸಡಿಲಬೇಕು ಅನ್ನುವುದನ್ನು ಮೆದುಳು ಹೇಳಿಕೊಡುತ್ತಿಲ್ಲ. ಆ ತಿಳಿವಳಿಕೆ ಕರುಳಿನ ಗೋಡೆಯಲ್ಲೇ ಇದೆ. ಎರಡು ಸ್ನಾಯು ಪದರಗಳ ನಡುವೆ ನರಕೋಶಗಳ ಬಲೆಯೊಂದು ಹರಡಿಕೊಂಡಿದೆ. ಜೀರ್ಣನಾಳದ ಉದ್ದಕ್ಕೂ ಲೆಕ್ಕ ಹಾಕಿದರೆ ಅಂಥ ಕೋಶಗಳು 10 ಕೋಟಿಗೂ ಹೆಚ್ಚು. ಮೆದುಳು ವೇಗ ಹೆಚ್ಚು ಕಡಿಮೆ ಮಾಡಬಲ್ಲದು, ಅಷ್ಟೇ. ನಾವು ಗಾಢ ನಿದ್ದೆಯಲ್ಲಿದ್ದಾಗಲೂ ರಾತ್ರಿಯ ಊಟ ಮುಂದೆ ಹೋಗುತ್ತಿರುತ್ತದೆ.

ಊಟವೇ ಇಲ್ಲದಾಗ? ಆಗಲೂ ಅಲೆ ನಿಲ್ಲುವುದಿಲ್ಲ. ಹೊಟ್ಟೆ ಖಾಲಿ ಇದ್ದಾಗ ಸುಮಾರು ಒಂದೂವರೆ ಗಂಟೆಗೊಮ್ಮೆ ಜೋರಾದ ಅಲೆಗಳ ಸಾಲೊಂದು ಜಠರದಿಂದ ಹೊರಟು ಸಣ್ಣ ಕರುಳಿನ ಕೊನೆಯವರೆಗೂ ಹೋಗುತ್ತದೆ. ಉಳಿದ ಚೂರು, ನಾರು, ಸತ್ತ ಕೋಶ ಎಲ್ಲವನ್ನೂ ಗುಡಿಸಿಕೊಂಡು ಹೋಗುತ್ತದೆ. ನಾಳದಲ್ಲಿ ಆಗ ಇರುವುದು ಗಾಳಿ ಮತ್ತು ಸ್ವಲ್ಪ ನೀರು. ಅದನ್ನು ಹಿಂಡಿದಾಗ ಗುರುಗುರು ಸದ್ದು ಬರುತ್ತದೆ. ಹೊಟ್ಟೆ ತಾಳ ಹಾಕುತ್ತಿದೆ ಅನ್ನುತ್ತೇವಲ್ಲ, ಆ ತಾಳ ಇದೇ. ಏನಾದರೂ ತಿಂದ ಕೂಡಲೇ ಗುಡಿಸುವ ಕೆಲಸ ನಿಂತು, ಕಲಸುವ ಕೆಲಸ ಶುರುವಾಗುತ್ತದೆ.

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್. ಹೆಚ್ಚಿನ ಸಮಯ ಕಳೆಯುವುದು ಇಲ್ಲೇ, ಒಂದು ದಿನ, ಕೆಲವರಲ್ಲಿ ಎರಡು ದಿನಕ್ಕಿಂತ ಜಾಸ್ತಿ. ನೀರನ್ನು ಹೀರಿಕೊಳ್ಳುತ್ತಾ ಉಳಿದದ್ದನ್ನು ಗಟ್ಟಿ ಮಾಡುತ್ತದೆ. ಅಲೆ ತೀರಾ ನಿಧಾನವಾದರೆ ನೀರು ಅತಿಯಾಗಿ ಹೀರಲ್ಪಟ್ಟು ಮಲಬದ್ಧತೆ. ತೀರಾ ಜೋರಾದರೆ ಹೀರಲು ಸಮಯವೇ ಸಿಗದೆ ಭೇದಿ. ದಿನಕ್ಕೆ ಒಂದರಿಂದ ಮೂರು ಸಲ ಮಾತ್ರ ಇಲ್ಲಿ ಒಂದು ದೊಡ್ಡ ಅಲೆ ಏಳುತ್ತದೆ, ಇದ್ದದ್ದನ್ನೆಲ್ಲ ಒಟ್ಟಿಗೆ ಕೆಳಗೆ ತಳ್ಳುತ್ತದೆ. ಜಠರ ತುಂಬಿದಾಗ ಅದಕ್ಕೆ ಸೂಚನೆ ಸಿಗುತ್ತದೆ. ಬೆಳಗಿನ ತಿಂಡಿ ಮುಗಿಯುತ್ತಿದ್ದ ಹಾಗೆ ಕೆಲವರು ಟಾಯ್ಲೆಟ್ಟಿಗೆ ಓಡುವುದು ಇದಕ್ಕೇ. ಚಿಕ್ಕ ಮಕ್ಕಳಲ್ಲಂತೂ ಇದು ತುಂಬಾ ಸ್ಪಷ್ಟ. ತಿಂದದ್ದು ತಕ್ಷಣ ಹೊರಗೆ ಬಂತು ಅಂತ ಹೆದರಬೇಕಾಗಿಲ್ಲ, ಹೊರಗೆ ಬಂದದ್ದು ಹಿಂದಿನ ದಿನಗಳದ್ದು.

ಡಾಕ್ಟರ ಪ್ರಶ್ನೆಯ ಅರ್ಥವೂ ಇಲ್ಲೇ ಇದೆ. ಹೊಟ್ಟೆಯ ಆಪರೇಷನ್ ಆದಾಗ ಕರುಳಿನ ಅಲೆಗಳು ತಾತ್ಕಾಲಿಕವಾಗಿ ನಿಲ್ಲುತ್ತವೆ. ಮೊದಲು ಸಣ್ಣ ಕರುಳು ಏಳುತ್ತದೆ, ಸಾಮಾನ್ಯವಾಗಿ ಒಂದು ದಿನದೊಳಗೆ. ಜಠರಕ್ಕೆ ಒಂದೆರಡು ದಿನ. ದೊಡ್ಡ ಕರುಳು ಕೊನೆಗೆ, ಎರಡು ಮೂರು ದಿನಕ್ಕೆ. ಗ್ಯಾಸ್ ಹೋಯಿತು ಅಂದರೆ ಕೊನೆಯದೂ ಎದ್ದಿತು, ದಾರಿ ಪೂರ್ತಿ ತೆರೆಯಿತು ಅಂತ ಅರ್ಥ. ಮೂರನೇ ದಿನ ನಸುಕಿನಲ್ಲಿ ಅಮ್ಮ ನನ್ನ ಕೈ ಹಿಡಿದೆಳೆದು ಕಿವಿಯಲ್ಲಿ "ಆಯ್ತು ಕಣೋ, ಡಾಕ್ಟ್ರಿಗೆ ನೀನೇ ಹೇಳು" ಅಂದಳು. ಅವತ್ತು ಮಧ್ಯಾಹ್ನ ಅವಳಿಗೆ ತೆಳ್ಳಗಿನ ಗಂಜಿ ಸಿಕ್ಕಿತು.

ಪೆರಿಸ್ಟಾಲ್ಸಿಸ್ ಪದ ಜೀರ್ಣನಾಳಕ್ಕೆ ಮಾತ್ರ ಮೀಸಲಲ್ಲ. ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ಇಳಿಯುವುದೂ ಇಂಥದೇ ಅಲೆಯಿಂದ. ಕಿಡ್ನಿಯ ಕಲ್ಲು ಆ ಕಿರಿದಾದ ನಾಳದಲ್ಲಿ ಸಿಕ್ಕಿಕೊಂಡಾಗ ಅಲೆ ಅದನ್ನು ತಳ್ಳಲು ಹೆಣಗುತ್ತದೆ, ಬಿಟ್ಟು ಬಿಟ್ಟು ಬರುವ ಆ ಘೋರ ನೋವಿಗೆ ಅದೂ ಒಂದು ಕಾರಣ. ಎರೆಹುಳು ಮಣ್ಣಿನಲ್ಲಿ ತೆವಳುವುದನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ. ಡಯಾಲಿಸಿಸ್ ಯಂತ್ರದ ಮುಂದೆ ನಿಂತರೆ ಅಲ್ಲೂ ಕಾಣುತ್ತದೆ: ರಕ್ತ ತುಂಬಿದ ಮೆತ್ತನೆಯ ಟ್ಯೂಬನ್ನು ತಿರುಗುವ ರೋಲರುಗಳು ಹಿಂದಿನಿಂದ ಒತ್ತುತ್ತಾ ಮುಂದೆ ಸಾಗಿಸುತ್ತಿರುತ್ತವೆ. ರಕ್ತಕ್ಕೆ ಯಂತ್ರದ ಭಾಗ ತಾಗುವುದೇ ಇಲ್ಲ, ಟ್ಯೂಬಿನ ಒಳಗೋಡೆ ಮಾತ್ರ ತಾಗುತ್ತದೆ. ಅದರ ಹೆಸರು ಪೆರಿಸ್ಟಾಲ್ಟಿಕ್ ಪಂಪ್.